ಇಪ್ಪತ್ತೇಳನೇ ತಾರೀಖು ರಹೀಮಾ ಎಲ್ಲಿದ್ದಳು

ಶ್ರೀನಿವಾಸಪುರ ದಾಟಿ ಮುಳಬಾಗಿಲು ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋದರೆ ಎಡಗಡೆ ಒಂದು ಜ್ಯೂಸ್ ಫ್ಯಾಕ್ಟರಿ ಸಿಗುತ್ತದೆ. ಹೆಸರು ಬೇಡ, ಅವರಿಗೆ ಪುಕ್ಕಟೆ ಪ್ರಚಾರ ಯಾಕೆ. ಅಲ್ಲಿ ಜ್ಯೂಸೇನೂ ತಯಾರಾಗುವುದಿಲ್ಲ. ಮಾವಿನ ತಿರುಳು ತೆಗೆದು, ಕಾಯಿಸಿ, ಡಬ್ಬಕ್ಕೆ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆ. ಆದರೂ ಊರವರ ಬಾಯಲ್ಲಿ ಅದು ಜ್ಯೂಸ್ ಫ್ಯಾಕ್ಟರಿಯೇ. ಅದರ ರೆಕಾರ್ಡ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು ರಹೀಮಾ.

ಕೂತವಳು ಅಂದರೆ ಫ್ಯಾನಿನ ಕೆಳಗೆ ಆರಾಮಾಗಿ ಕೂತವಳು ಅಂದುಕೊಳ್ಳಬೇಡಿ. ತಿರುಳು ಕಾಯಿಸುವ ತೊಟ್ಟಿಯ ಮೇಲೆ ಒಂದು ಮುಳ್ಳಿನ ಮೀಟರ್ ಇದೆ. ಬಿಸಿ ತೊಂಬತ್ತೆರಡು ಡಿಗ್ರಿಗಿಂತ ಕೆಳಗಿಳಿಯಬಾರದು. ಇಳಿದರೆ ಹುಳಿ ಹಿಡಿಸುವ ಕ್ರಿಮಿ ಸಾಯುವುದಿಲ್ಲ, ನಾಲ್ಕಾರು ತಿಂಗಳಲ್ಲಿ ಡಬ್ಬ ಉಬ್ಬುತ್ತದೆ. ಅದಕ್ಕೇ ಅರ್ಧ ಗಂಟೆಗೊಂದು ಸಲ ಮುಳ್ಳು ಎಲ್ಲಿದೆ ಎಂದು ಬರೆಯಬೇಕು. ಮೇ ತಿಂಗಳಿಂದ ಆಗಸ್ಟ್‌ವರೆಗೆ ಸೀಸನ್. ಹಗಲೂ ರಾತ್ರಿ ತೊಟ್ಟಿ ಆರುವುದಿಲ್ಲ. ಅಷ್ಟೂ ದಿನದ ರಿಜಿಸ್ಟರ್ ರಹೀಮಾಳ ಜವಾಬ್ದಾರಿ.

ರಹೀಮಾಳ ಅಬ್ಬಾ ಶ್ರೀನಿವಾಸಪುರದ ಮಂಡಿಗೆ ಮಾವಿನ ಪೆಟ್ಟಿಗೆ ಹೊಡೆದುಕೊಡುತ್ತಿದ್ದವನು. ಮಗಳನ್ನು ಪಿಯುಸಿವರೆಗೆ ಓದಿಸಿದ. ಗಂಡ ಮದುವೆಯಾದ ಆರನೇ ವರ್ಷಕ್ಕೆ ತೀರಿಕೊಂಡ, ಮಕ್ಕಳಿಲ್ಲ. ಅವಳಿಗಿದ್ದದ್ದು ಮುಳಬಾಗಿಲಿನಲ್ಲಿ ತಂಗಿ, ತಂಗಿಯ ಮಗಳು ಅಂಬ್ರೀನ್, ಮತ್ತೆ ಈ ರಿಜಿಸ್ಟರ್. ಅಕ್ಷರ ಎಷ್ಟು ದುಂಡಗೆ ಎಂದರೆ, ಬಂದ ಆಡಿಟರ್‌ಗಳು ಪುಟ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತಪ್ಪಾದರೆ ಒಂದೇ ಗೀಟು, ಪಕ್ಕದಲ್ಲಿ ಸಹಿ. ಮೊದಲು ಏನಿತ್ತು ಎಂಬುದು ಕಾಣಲೇಬೇಕು. ಮ್ಯಾನೇಜರ್ ಚಂದ್ರಮೋಹನ್ ಒಂದು ವರ್ಷ ಆಡಿಟ್‌ನ ಹಿಂದಿನ ದಿನ ಬಂದು, "ರಹೀಮಾ, ಈ ನಾಲ್ಕು ಪೇಜ್ ಚೆನ್ನಾಗಿ ಹೊಸದಾಗಿ ಬರ್ದ್‌ಬಿಡಮ್ಮ" ಅಂದ.

"ಚೆನ್ನಾಗೇ ಇದೆಯಲ್ಲ ಸಾರ್."

"ಮುಳ್ಳು ಎರಡು ಕಡೆ ತೊಂಬತ್ತು ಅಂತಿದೆ."

"ತೊಂಬತ್ತಿತ್ತು, ತೊಂಬತ್ತು ಅಂತ ಬರ್ದಿದೀನಿ. ಹರಿದು ಬರಿಯೋದಾದ್ರೆ ನಾನ್ಯಾಕೆ ಬೇಕು ಸಾರ್? ಯಾರ್ ಕೈಲಾದ್ರೂ ಬರೆಸ್ಕೊಳ್ಳಿ."

ಚಂದ್ರಮೋಹನ್ ನಕ್ಕು ಸುಮ್ಮನಾದ. ಅವನು ಕೂಗಾಡುವವನಲ್ಲ. ಕೂಗಾಡುವವನಾಗಿದ್ದರೆ ಎಷ್ಟೋ ವಾಸಿಯಿತ್ತು, ಕನಿಷ್ಠ ಎದುರಿಗೆ ಗೊತ್ತಾಗುತ್ತಿತ್ತು.

ಮೂರು ವರ್ಷದ ಹಿಂದೆ ಹೊರದೇಶದ ಕಂಪನಿಯೊಂದು ಮಕ್ಕಳ ಆಹಾರಕ್ಕೆಂದು ಇವರ ತಿರುಳು ಕೊಳ್ಳಲು ಒಪ್ಪಿತು. ಒಂದು ಷರತ್ತು: ಕಾಗದದ ರಿಜಿಸ್ಟರ್ ನಂಬುವುದಿಲ್ಲ, ಕಂಪ್ಯೂಟರಿನಲ್ಲಿ ತಿದ್ದಿದರೆ ಸಿಕ್ಕಿಬೀಳುವಂಥ ದಾಖಲೆ ಬೇಕು. ಬೆಂಗಳೂರಿನಿಂದ ದಿವ್ಯ ಎಂಬ ಇಂಜಿನಿಯರ್ ಹುಡುಗಿ ಬಂದಳು. ರೆಕಾರ್ಡ್ ರೂಮಿನಲ್ಲೇ ನಾಲ್ಕು ದಿನ ಕೂತು ಅದನ್ನು ಕಟ್ಟಿದಳು.

"ಇದಕ್ಕೆ ಲೆಡ್ಜರ್ ಟೇಬಲ್ ಅಂತಾರೆ ಮೇಡಂ" ಎಂದು ದಿವ್ಯ ಬಿಡಿಸಿ ಹೇಳಿದಳು. "ಬರೆದ ಸಾಲು ಅಳಿಸೋಕಾಗಲ್ಲ. ತಿದ್ದಬಹುದು, ಆದ್ರೆ ಮೊದ್ಲು ಏನಿತ್ತು, ಯಾವಾಗ ತಿದ್ದಿದ್ದು, ಯಾರ ಲಾಗಿನ್‌ನಿಂದ ತಿದ್ದಿದ್ದು, ಎಲ್ಲ ಉಳಿಯುತ್ತೆ. ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಹುಟ್ಟುತ್ತೆ, ಅದು ಹಿಂದಿನದರ ಜೊತೆ ಸೇರ್ಕೊಂಡಿರುತ್ತೆ. ನಡುವೆ ಎಲ್ಲಾದ್ರೂ ಕೈ ಹಾಕಿದ್ರೆ ಲೆಕ್ಕ ತಪ್ಪುತ್ತೆ. ದಿನಾ ಸಂಜೆ ಆ ದಿನದ ಸಂಖ್ಯೆ ಕೊಳ್ಳೋ ಕಂಪನಿಗೆ ಹೋಗುತ್ತೆ. ಇಲ್ಲಿ ನೀವೇ ಒಳಗಿಂದ ಬದಲಾಯಿಸಿದ್ರೂ ಅವರ ಹತ್ರ ಇರೋದಕ್ಕೆ ತಾಳೆಯಾಗಲ್ಲ."

ರಹೀಮಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಅಯ್ಯೋ, ನಾನು ಹದಿನಾರು ವರ್ಷದಿಂದ ಮಾಡ್ತಿರೋದೂ ಇದನ್ನೇ ಅಲ್ವೇನಮ್ಮ! ಒಂದು ಗೀಟು, ಒಂದು ಸಹಿ" ಅಂದಳು. ಮಾರನೆಯ ದಿನ ಮನೆಯಿಂದ ಖುಷ್ಕಾ ಅನ್ನ ಮಾಡಿ ತಂದು ದಿವ್ಯಳಿಗೆ ಬಡಿಸಿದಳು. ಫ್ಯಾಕ್ಟರಿಯವರೆಲ್ಲ ಅದಕ್ಕೆ ಅಳಿಸೋಕಾಗದ ಬುಕ್ಕು ಎಂದು ಹೆಸರಿಟ್ಟರು.

ಸಹಿಯ ಮೇಲೆ ಅವಳಿಗೆ ಎಷ್ಟು ನಂಬಿಕೆಯೆಂದರೆ, "ಕೊನೇಲಿ ಸಹಿಗೊಂದು ಕಾಲಂ ಇಡಮ್ಮ" ಎಂದು ಕೇಳಿದಳು. ಯಾರು ಬರೆದದ್ದು ಎಂದು ಮೆಷಿನ್ನೇ ಬರೆದುಕೊಳ್ಳುತ್ತದೆ ಎಂದರೂ ಬಿಡಲಿಲ್ಲ. ದಿವ್ಯ ನಾಲ್ಕು ಅಕ್ಷರ ಹಿಡಿಯುವ ಕಾಲಂ ಮಾಡಿಕೊಟ್ಟಳು. ಎಡವಟ್ಟಾದದ್ದು ಅಲ್ಲೇ. ಆರು ಜನಕ್ಕೆ ಆರು ಲಾಗಿನ್ ಮಾಡಿಕೊಟ್ಟು ದಿವ್ಯ ಹೋದಳು. ಸೀಸನ್ ಬಂತು. ಕೈಯೆಲ್ಲ ತಿರುಳು ಮೆತ್ತಿಕೊಂಡವರು ಅರ್ಧ ಗಂಟೆಗೊಂದು ಸಲ ಓಡಿಬಂದು ಪಾಸ್‌ವರ್ಡ್ ಹೊಡೆಯುತ್ತಾ ನಿಲ್ಲುವುದುಂಟೇ? ಹಿಂದೆ ರಿಜಿಸ್ಟರಿಗೆ ದಾರದಲ್ಲಿ ಕಟ್ಟಿದ ಪೆನ್ನು ಒಂದೇ ಇತ್ತು, ಬರೆದವರು ಬರೆದು ತಮ್ಮ ತಮ್ಮ ಸಹಿ ಹಾಕುತ್ತಿದ್ದರು. ಇದೂ ಹಾಗೇ ಅಂದುಕೊಂಡರು. ಬೆಳಿಗ್ಗೆ ಮೊದಲು ಬರುವವಳು ರಹೀಮಾ, ಅವಳ ಲಾಗಿನ್ ತೆರೆದಿರುತ್ತಿತ್ತು, ಎಲ್ಲರೂ ಅದರಲ್ಲೇ ಬರೆದು ಕೊನೆಯ ಕಾಲಂನಲ್ಲಿ ತಮ್ಮ ಅಕ್ಷರ ಹಾಕುತ್ತಿದ್ದರು. ತಿದ್ದುವಾಗ ಮಾತ್ರ ಅದು ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು, ಅವಳಿಲ್ಲದ ಹೊತ್ತಿಗೆಂದು ಅದನ್ನು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಳು. ಪೆನ್ನು ಯಾರದಾದರೇನು, ಸಹಿ ಅವರವರದಲ್ಲವೇ ಎಂದು ಆ ಪೆದ್ದಿ ನಂಬಿದ್ದಳು.

ಯಾವ ದಾಖಲೆಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾವಾಗ ತಾನಾಗಿ ಅಳಿಸಿಹೋಗಬೇಕು ಎಂಬ ಪಟ್ಟಿಯನ್ನು ತುಂಬಿದವಳೂ ಅವಳೇ. ಚಂದ್ರಮೋಹನ್‌ಗೆ ಅದು ಬೇಸರದ ಕೆಲಸ, "ನೀನೇ ನೋಡ್ಕೊಮ್ಮ" ಅಂದಿದ್ದ. ಮುಳ್ಳಿನ ದಾಖಲೆ ಏಳು ವರ್ಷ; ಅದು ಕೊಳ್ಳುವವರದೇ ನಿಯಮ. ತಿಂಗಳ ಹಾಜರಿ ಪಟ್ಟಿ ಮೂರು ವರ್ಷ. ಕ್ಯಾಮೆರಾ ಮೂವತ್ತು ದಿನ. ಗೇಟಿನಲ್ಲಿ ಬೆರಳೊತ್ತುವ ಮೆಷಿನ್ನಿನದು ಎಷ್ಟು ದಿನ ಎಂದು ದಿವ್ಯ ಕೇಳಿದಾಗ ರಹೀಮಾ ಬೇಕೆಂತಲೇ ಕಡಿಮೆ ಹೇಳಿದಳು: ತೊಂಬತ್ತು ದಿನ.

ಯಾಕೆಂದರೆ ಆ ಮೆಷಿನ್ನನ್ನು ಚಂದ್ರಮೋಹನ್ ಹೇಗೆ ಬಳಸುತ್ತಿದ್ದ ಎಂಬುದು ಅವಳಿಗೆ ಗೊತ್ತಿತ್ತು. ಕಾಯಿ ಸುಲಿಯಲು ಪ್ರತಿ ಸೀಸನ್‌ಗೆ ಅರವತ್ತು ಹೆಂಗಸರು ಬರುತ್ತಾರೆ. ಯಾರಾದರೂ ಎದುರು ಮಾತಾಡಿದರೆ, ಮುಂದಿನ ವರ್ಷ ಕೆಲಸಕ್ಕೆ ಬಂದಾಗ ಹಳೆಯ ಪಂಚ್ ತೆಗೆದು, "ನೋಡಮ್ಮ, ಹೋದ ವರ್ಷ ಹನ್ನೊಂದು ದಿನ ಲೇಟು" ಎಂದು ನಗುನಗುತ್ತಲೇ ವಾಪಸ್ ಕಳಿಸುತ್ತಿದ್ದ. ಎರಡು ಬಸ್ಸು ಬದಲಿಸಿ ಬರುವ ಹೆಂಗಸರು ಹತ್ತು ನಿಮಿಷ ತಡವಾಗದೆ ಇರುತ್ತಾರೆಯೇ? ಸೀಸನ್ ಮುಗಿದ ಮೇಲೆ ಅದು ಅಳಿಸಿಹೋಗಲಿ, ಆ ಬಡಪಾಯಿಗಳ ಪಾಲಿಗೆ ಮುಂದಿನ ವರ್ಷ ಹೊಸದಾಗಿರಲಿ ಎಂದು ರಹೀಮಾ ಹಾಗೆ ಮಾಡಿದಳು. ಡಿಸ್ಕ್ ತುಂಬುತ್ತೆ ಸಾರ್ ಎಂದು ಅವನಿಗೆ ಸುಳ್ಳು ಹೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ರೂಮಿನಲ್ಲಿ ಹೇಳಿದ ಸುಳ್ಳು ಅದೊಂದೇ.

ಎರಡು ಸೀಸನ್ ಏನೂ ಆಗಲಿಲ್ಲ. ಮೂರನೆಯದರಲ್ಲಿ, ಜೂನ್ ಇಪ್ಪತ್ತೇಳಕ್ಕೆ ಅಂಬ್ರೀನ್‌ಳ ನಿಶ್ಚಿತಾರ್ಥ ಬಂತು. ಸೀಸನ್‌ನಲ್ಲಿ ರಜೆ ಕೊಡುವಂತಿಲ್ಲ ಎಂಬುದು ಫ್ಯಾಕ್ಟರಿಯ ನಿಯಮ. ಹಾಗೆಂದು ಯಾರೂ ರಜೆ ಹಾಕದೆ ಇರುತ್ತಿರಲಿಲ್ಲ. ಬಾಯಲ್ಲಿ ಕೇಳುವುದು, ಬಾಯಲ್ಲಿ ಒಪ್ಪುವುದು, ತಿಂಗಳ ಪಟ್ಟಿಯಲ್ಲಿ ಹಾಜರಿ ಹಾಕಿಬಿಡುವುದು. ಅದನ್ನು ಮ್ಯಾನೇಜರ್ ಮಾಡುವ ಉಪಕಾರ ಎಂದು ಎಲ್ಲರೂ ಎಣಿಸಿದ್ದರು.

"ಹೋಗ್ಬಾಮ್ಮ, ನಿಮ್ಮ ಹುಡುಗಿ ಫಂಕ್ಷನ್ ಅಲ್ವಾ. ಹಾಜರಿ ನಾನ್ ಹಾಕ್ಕೋತೀನಿ" ಅಂದ ಚಂದ್ರಮೋಹನ್. ರಹೀಮಾ ಮುಳಬಾಗಿಲಿಗೆ ಹೋದಳು, ಬಿರಿಯಾನಿ ಬಡಿಸಿದಳು, ಹುಡುಗಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು, ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಬಂದಳು.

ಡಿಸೆಂಬರಿನಲ್ಲಿ ಹೊರದೇಶದ ಗೋದಾಮಿನಲ್ಲಿ ಡಬ್ಬಗಳು ಉಬ್ಬಿದವು. ಪುಣ್ಯಕ್ಕೆ ಯಾವ ಮಗುವಿನ ಬಾಯಿಗೂ ಹೋಗಿರಲಿಲ್ಲ. ಕೊಳ್ಳುವ ಕಂಪನಿಯವರು ಆ ಡಬ್ಬಗಳ ಬ್ಯಾಚ್ ನಂಬರ್ ಹಿಡಿದು ಅಳಿಸೋಕಾಗದ ಬುಕ್ಕು ತೆಗೆದರು. ಗುರುತಿನ ಸಂಖ್ಯೆಗಳೆಲ್ಲ ತಾಳೆಯಾದವು, ಬುಕ್ಕಿಗೆ ಯಾರೂ ಕೈ ಹಾಕಿಲ್ಲ ಎಂದು ಸಾಬೀತಾಯಿತು. ಆ ಬ್ಯಾಚಿನ ಸಾಲು ಹೀಗಿತ್ತು: ಜೂನ್ ಇಪ್ಪತ್ತೇಳು, ಬೆಳಗಿನ ಜಾವ ಮೂರೂವರೆ, ಎಂಬತ್ನಾಲ್ಕು ಡಿಗ್ರಿ. ಅದೇ ದಿನ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಂಬತ್ನಾಲ್ಕು ಹೋಗಿ ತೊಂಬತ್ಮೂರಾಗಿದೆ. ತಿದ್ದಿದ ಲಾಗಿನ್ ರಹೀಮಾ. ಸಹಿ ಕಾಲಂನಲ್ಲೂ 'ರ'.

ಮಕ್ಕಳು ತಿನ್ನುವ ಪದಾರ್ಥಕ್ಕೆ ಸುಳ್ಳು ಬರೆದವಳು ಎಂದು ಅವಳ ಹೆಸರು ಆ ಪರದೆಯ ಮೇಲೆ ನಿಂತಿತ್ತು. ಕೆಲಸ ಹೋಗುವುದಿರಲಿ, ಈ ಹೆಸರು ಹೊತ್ತುಕೊಂಡು ಯಾರ ಮುಖ ನೋಡುವುದು?

"ಸಾರ್, ಅವತ್ತು ನಾನು ಇಲ್ಲಿರಲೇ ಇಲ್ಲ. ನಿಮಗೇ ಗೊತ್ತಲ್ಲ, ಮುಳಬಾಗಿಲಿಗೆ ಹೋಗಿದ್ದೆ" ಎಂದು ಚಂದ್ರಮೋಹನ್‌ನ ಟೇಬಲ್ ಮುಂದೆ ನಿಂತಳು.

"ಇಪ್ಪತ್ತೇಳಾ? ನಂಗೆ ಜ್ಞಾಪಕ ಇಲ್ವಲ್ಲಮ್ಮ. ಪಟ್ಟಿ ನೋಡೋಣ" ಅಂದ. ಪಟ್ಟಿಯಲ್ಲಿ ಅವಳು ಹಾಜರಿದ್ದಳು. ಅವನೇ ಹಾಕಿದ ಹಾಜರಿ. "ನೋಡು, ಸಂಬಳಾನೂ ತಗೊಂಡಿದ್ದೀಯ."

ಗೇಟಿಗೆ ಓಡಿದಳು. ಕಾವಲಿನ ಗಂಗುಲಪ್ಪ ಒಳ್ಳೆಯವನು, ಅವಳಿಗಿಂತ ಹಳಬ. "ಮೆಷಿನ್ ಬಂದ್ ಮೇಲೆ ನಾನ್ ಬುಕ್ಕಲ್ಲಿ ಬರಿಯೋದ್ ಬಿಟ್ನಲ್ಲಮ್ಮ. ಆರ್ ತಿಂಗ್ಳ ಹಿಂದಿನ ಒಂದ್ ದಿನ ನಂಗೆಲ್ಲಿ ಜ್ಞಾಪ್ಕ ಇರ್ತದೆ? ಸುಳ್ ಹೇಳು ಅಂದ್ರೆ ಹೇಳ್ತೀನಿ" ಅಂದ. ಮೆಷಿನ್ನಿನಲ್ಲಿ ಅವಳ ಬೆರಳು ಆ ದಿನ ಬಿದ್ದಿಲ್ಲ ಎಂಬುದಕ್ಕೆ ಗುರುತಿರಬೇಕಿತ್ತು. ಅದು ಸೆಪ್ಟೆಂಬರಿಗೇ ಅಳಿಸಿಹೋಗಿತ್ತು. ಅಳಿಸು ಎಂದಿದ್ದವಳು ಅವಳೇ. ಸುಲಿಯುವ ಹೆಂಗಸರನ್ನು ಉಳಿಸಲು ಹೋಗಿ ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಿದ್ದಳು. ಆ ಹೆಂಗಸರಾದರೂ ಈಗ ಎಲ್ಲಿ? ಸೀಸನ್ ಮುಗಿದು ಒಬ್ಬೊಬ್ಬರು ಒಂದೊಂದು ಊರಿನ ಟೊಮೆಟೊ ಹೊಲದಲ್ಲಿದ್ದರು.

ವಿಚಾರಣೆಯ ಹಿಂದಿನ ದಿನ ಸಂಜೆ ಕದಿರೇಶ ಅವಳ ಮನೆಗೆ ಬಂದ. ತೊಟ್ಟಿಯ ಮೇಲೆ ರಾತ್ರಿ ಪಾಳಿ ಅವನದು. ಗೌನಿಪಲ್ಲಿಯವನು. ಏಳು ವರ್ಷದ ಹಿಂದೆ ಅವನ ತಾಯಿ ಅಂಜಮ್ಮ ಬಂದು ಕೇಳಿಕೊಂಡಾಗ ಕೆಲಸಕ್ಕೆ ಸೇರಿಸಿದವಳು, ಮುಳ್ಳು ಓದಲು ಕಲಿಸಿದವಳು ರಹೀಮಾ. ಬಂದವನು ಕುರ್ಚಿಯಲ್ಲಿ ಕೂರಲಿಲ್ಲ, ಹೊಸ್ತಿಲ ಹತ್ತಿರ ನೆಲದ ಮೇಲೆ ಕುಕ್ಕರಿಸಿದ.

"ನಾನೇ ಅಕ್ಕ ತಿದ್ದಿದ್ದು."

ರಹೀಮಾ ಅವನೆದುರು ತಾನೂ ನೆಲಕ್ಕೆ ಕೂತಳು.

"ಆ ರಾತ್ರಿ ಬಾಯ್ಲರ್‌ನಲ್ಲಿ ಹಬೆ ಇಳಿದೋಗಿತ್ತು. ನಾನು ಇದ್ದಿದ್ ಇದ್ದಂಗೆ ಎಂಬತ್ನಾಲ್ಕು ಅಂತ ಬರ್ದೆ. ಮಧ್ಯಾಹ್ನ ಸಾರ್ ಫೋನ್ ಮಾಡಿ ಕರೆಸಿದ್ರು. ಲಾರಿ ನಿಂತಿದೆ, ನಾನೂರು ಡಬ್ಬ ಎತ್ತಿಡಕ್ಕಾಗಲ್ಲ, ನೀನೇ ಮುಳ್ಳು ತಪ್ಪು ನೋಡಿದೀಯ, ಸರಿ ಮಾಡು ಅಂದ್ರು. ಬೀರೂಲಿ ನಿನ್ ಚೀಟಿ ಇತ್ತಲ್ಲ. ಕೊನೇಲಿ ರ ಅಂತ ಹಾಕು ಅಂತಾನೂ ಅವ್ರೇ ಹೇಳಿದ್ದು."

"ಹಾಕಿದ್ಯಾ?"

"ಏಂ ಚೇಸೇದಿ ಅಕ್ಕಾ" ಎಂದು ತೆಲುಗಿನಲ್ಲಿ ಗೋಳಾಡಿದ. "ಸೀಸನ್ ಕೆಲ್ಸದವ್ನು ನಾನು. ಇಲ್ಲ ಅಂದ್ರೆ ನಾಳೆ ಬರ್ಬೇಡ ಅಂತಿದ್ರು. ಇನ್ನೇನ್ ಮಾಡ್ಲಿ ಹೇಳು."

"ಥೂ ನಿನ್ನ! ನಿಜಾನೇ ಬರ್ದಿದ್ಯಲ್ಲೋ. ಎಂಬತ್ನಾಲ್ಕು ಅಂತ ಎಷ್ಟು ಚೆನ್ನಾಗಿ ನಿಜ ಬರ್ದಿದ್ದೆ." ಅವಳಿಗೆ ಅಳು ಬಂದದ್ದು ತನ್ನ ಹೆಸರಿಗೋ ಅವನು ಹಾಳುಮಾಡಿಕೊಂಡ ಆ ಸಾಲಿಗೋ, ಅವಳಿಗೇ ತಿಳಿಯಲಿಲ್ಲ. ಒಂದು ಲೋಟ ನೀರು ಕೊಟ್ಟಳು. "ನಾಳೆ ಇಷ್ಟನ್ನೇ ಅಲ್ಲಿ ಹೇಳು. ಸಾರ್ ಹೇಳಿದ್ರು ಅನ್ನೋದನ್ನೂ ಹೇಳು. ನಿನ್ನೊಬ್ಬನ ಮೇಲೆ ಬರೋಕೆ ನಾನ್ ಬಿಡಲ್ಲ."

"ಹೇಳ್ತೀನಕ್ಕ. ನಮ್ಮಮ್ಮನಾಣೆ."

ವಿಚಾರಣೆ ಚಂದ್ರಮೋಹನ್‌ನ ಕೋಣೆಯಲ್ಲೇ ನಡೆಯಿತು. ಅದೊಂದು ವೈಭೋಗ ನೋಡಿ! ಕೊಳ್ಳುವ ಕಂಪನಿಯ ಆಡಿಟರ್ ಒಬ್ಬ, ಬುಕ್ಕು ತೆರೆದು ತೋರಿಸಲು ದಿವ್ಯ, ಚಹಾ ಬಿಸ್ಕತ್ತು. ರಹೀಮಾ ಮೊಬೈಲ್ ತೆಗೆದು ನಿಶ್ಚಿತಾರ್ಥದ ಫೋಟೋ ತೋರಿಸಿದಳು: ಅಂಬ್ರೀನ್, ಪಕ್ಕದಲ್ಲಿ ತಾನು, ಜೂನ್ ಇಪ್ಪತ್ತೇಳು, ಸಂಜೆ ನಾಲ್ಕು. ಆಡಿಟರ್ ಮರ್ಯಾದೆಯಿಂದಲೇ ನೋಡಿದ.

"ಮೊಬೈಲ್ ಫೋಟೋ ತಾರೀಖನ್ನ ಯಾರು ಬೇಕಾದ್ರೂ ಬದಲಾಯಿಸ್ಬಹುದು ಮೇಡಂ" ಅಂದ. "ಇದನ್ನ ಬದಲಾಯಿಸೋಕಾಗಲ್ಲ" ಎಂದು ದಿವ್ಯಳ ಪರದೆಯ ಕಡೆ ಕೈ ತೋರಿಸಿದ.

"ಸಾರ್, ಇದು ಹೇಳೋದು ಲಾಗಿನ್ ಯಾವುದು ಅಂತ ಮಾತ್ರ" ಅಂದಳು ದಿವ್ಯ, ತಲೆ ತಗ್ಗಿಸಿಕೊಂಡು. "ಕೀಬೋರ್ಡ್ ಮೇಲೆ ಯಾರ ಕೈ ಇತ್ತು ಅಂತ ಇದಕ್ಕೆ ಗೊತ್ತಾಗಲ್ಲ."

"ತೆರೆದಿಟ್ಟ ಲಾಗಿನ್‌ನಲ್ಲಿ ಎಲ್ಲರೂ ಬರೀತಿದ್ರು ಅಂತ ಬುಕ್ಕೇ ಹೇಳುತ್ತೆ, ಆದ್ರೆ ತಿದ್ದೋಕೆ ಬೇಕಾದ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು ಸಾರ್" ಅಂದಳು ರಹೀಮಾ. "ನನ್ನ ತಪ್ಪು ಅದು, ಒಪ್ಕೋತೀನಿ, ಚೀಟಿ ಅಂಟಿಸಿದ್ದು ನಾನೇ. ಬೀರು ತೆಗೆದು ನೋಡಿ." ನೋಡಿದರು. ಬೀರುವಿನ ಬಾಗಿಲಿಗೆ ಒಳಗೂ ಹೊಸ ಬಣ್ಣ ಬಳಿದಿತ್ತು, ಚೀಟಿ ಇರಲಿಲ್ಲ. ರಹೀಮಾ ಆಡಿಟರ್ ಕಡೆ ತಿರುಗಿದಳು. "ಬಾಕಿಯವರು ಕೆಲಸ ಉಳಿಸ್ಕೊಳ್ಳೋಕೆ ಬಾಯಿ ಬಿಡಲ್ಲ, ಕದಿರೇಶನ್ನ ಕೇಳಿ. ಅವನು ಹೇಳ್ತಾನೆ."

ಕದಿರೇಶನನ್ನು ಕರೆದರು. ಗರಿಗರಿ ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಆಡಿಟರ್ ಕೇಳಿದ ಪ್ರಶ್ನೆಗೆ ಅವನು ರಹೀಮಾಳನ್ನು ನೋಡಲಿಲ್ಲ, ಚಂದ್ರಮೋಹನ್‌ನನ್ನೂ ನೋಡಲಿಲ್ಲ, ಬಿಸ್ಕತ್ತಿನ ತಟ್ಟೆ ನೋಡಿದ.

"ರಹೀಮಕ್ಕನ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿರೋದು ಸಾರ್."

ರಹೀಮಾ ಎದ್ದು ನಿಂತಳು. "ನಿನ್ನೆ ಸಂಜೆ ಇವನು ನಮ್ಮನೆ ಹೊಸ್ತಿಲಲ್ಲಿ ಕೂತು, ನಾನೇ ತಿದ್ದಿದ್ದು, ಮ್ಯಾನೇಜರ್ ತಿದ್ದಿಸಿದ್ದು ಅಂತ ಹೇಳಿದಾನೆ ಸಾರ್."

"ಅದಕ್ಕೆ ದಾಖಲೆ ಏನಿದೆ ಮೇಡಂ?"

"ಇಲ್ಲ. ಈಗ ಮಾಡ್ಕೊಳ್ಳಿ. ನಾನು ಹೇಳಿದ್ದನ್ನ ಆ ಅಳಿಸೋಕಾಗದ ಬುಕ್ಕಲ್ಲೇ ಬರೀರಿ, ಆ ಸಾಲಿನ ಪಕ್ಕದಲ್ಲೇ. ಅವತ್ತು ರಹೀಮಾ ಇಲ್ಲಿರಲಿಲ್ಲ ಅಂತ ಬರೀರಿ."

ಆಡಿಟರ್ ದಿವ್ಯಳ ಮುಖ ನೋಡಿದ. ದಿವ್ಯಳ ಕಣ್ಣಲ್ಲಿ ನೀರಿತ್ತು. "ಅದರಲ್ಲಿ ಅದಕ್ಕೆ ಜಾಗ ಇಲ್ಲ ಮೇಡಂ. ಬ್ಯಾಚು, ಟೈಮು, ಡಿಗ್ರಿ, ಸಹಿ, ಅಷ್ಟೇ ಹಿಡಿಯೋದು" ಅಂದಳು.

ಜನವರಿಯಲ್ಲಿ ರಹೀಮಾಳನ್ನು ಕೆಲಸದಿಂದ ತೆಗೆದ ಪತ್ರ ಬಂತು. ದಾಖಲೆ ತಿದ್ದಿದ ಕಾರಣಕ್ಕೆ ಎಂದು ಒಂದೇ ಸಾಲು. ಅದೇ ತಿಂಗಳು ಕದಿರೇಶನಿಗೆ ಕೆಲಸ ಖಾಯಂ ಆಯಿತು. ಚಂದ್ರಮೋಹನ್ ಎಲ್ಲಿದ್ದನೋ ಅಲ್ಲೇ ಇದ್ದಾನೆ, ಅದೇ ನಗು. ಮಾಲೂರಿನ ಕಡೆ ಇಂಥದ್ದೇ ಫ್ಯಾಕ್ಟರಿಯೊಂದಕ್ಕೆ ಅವಳು ಅರ್ಜಿ ಹಾಕಿದಳು. ಅವರೂ ಅದೇ ಕಂಪನಿಗೆ ತಿರುಳು ಮಾರುವವರು. ಹೆಸರು ಕೇಳಿದ್ದೇ ತಡ, "ಆಮೇಲೆ ತಿಳಿಸ್ತೀವಿ" ಎಂದರು. ಈಗ ಮಂಡಿಯಲ್ಲಿ ಕಾಯಿ ಆರಿಸುತ್ತಾಳೆ, ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ. ಬರೆಯುವ ಕೆಲಸ ಇಲ್ಲ. ಅಂಬ್ರೀನ್ ಮದುವೆಗೆ ಹೋದಾಗ ಬೀಗರ ಕಡೆಯ ಒಬ್ಬಳು, "ಜ್ಯೂಸ್ ಫ್ಯಾಕ್ಟರಿಯಲ್ಲಿ ಏನೋ ಆಯ್ತಂತಲ್ಲ" ಎಂದು ಕೇಳಿದಳಂತೆ. ಅವತ್ತು ಊಟ ಮಾಡದೆ ಬಸ್ಸು ಹತ್ತಿದಳು.

ಮೇ ತಿಂಗಳ ಮೊದಲ ವಾರ ಕದಿರೇಶ ಮತ್ತೆ ಬಂದ. ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು ಎರಡೂ ಕೈ ಮುಗಿದ.

"ತಪ್ಪಾಯ್ತಕ್ಕ. ರಾತ್ರಿ ನಿದ್ದೆ ಬರಲ್ಲ. ಕಾಲಿಗ್ ಬೇಕಾದ್ರೂ ಬೀಳ್ತೀನಿ, ಒಂದ್ಸಲ ಕ್ಷಮಿಸ್ದೆ ಅನ್ನು."

ರಹೀಮಾಳಿಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ.

"ನನ್ ಹತ್ರ ಹೇಳಿದ್ರೆ ಏನ್ ಬಂತೋ? ಏನ್ ನಡೀತು ಅಂತ ನನಗೂ ಗೊತ್ತು, ನಿನಗೂ ಗೊತ್ತು. ನಾವಿಬ್ರೂ ಸತ್ತ ದಿನ ಅದೂ ಸತ್ತೋಗುತ್ತೆ. ಅಲ್ಲಿ ಹೋಗಿ ಹೇಳು, ಕ್ಷಮಿಸ್ತೀನಿ."

ಅವನು ಕೈ ಇಳಿಸಿದ. ಚಪ್ಪಲಿಯಿಂದ ನೆಲ ಕೆದಕಿದ. ಬೈಕ್ ಹತ್ತಿ ಹೋದ. ಸೋಮವಾರ ಬಾಯ್ಲರ್ ಹೊತ್ತಿಸಿದರು, ಸೀಸನ್ ಶುರುವಾಯಿತು, ಅವನು ಯಾರಿಗೂ ಏನೂ ಹೇಳದೆ ರಾತ್ರಿ ಪಾಳಿಗೆ ಹೋದ.